ಭಾರ ರೇಜರಿನದು, ದಾರಿ ಕೈಯದು

ಮೀಸೆ ಚಿಗುರಿದ ಹುಡುಗನಿಗೆ ಗಡ್ಡ ತೆಗೆಯುವುದು ಹೇಗೆಂದು ನಮ್ಮ ಮನೆಗಳಲ್ಲಿ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಸೈಕಲ್ಲಿನ ಹಿಂದೆ ಸೀಟು ಹಿಡಿದು ಓಡಿ ಬರುವ ಸೋದರಮಾವ ಇರುತ್ತಾನೆ. ಸೊಂಟಕ್ಕೆ ಸೋರೆಬುರುಡೆ ಕಟ್ಟಿ ಬಾವಿಗಿಳಿಸುವ ಅಣ್ಣ ಇರುತ್ತಾನೆ. ಗಡ್ಡದ ಮಾತು ಬಂದಾಗ ಮಾತ್ರ ಎಲ್ಲರಿಗೂ ಏನೋ ಸಂಕೋಚ. ಹುಡುಗ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ತಾನೇ ಏನೋ ಮಾಡಿಕೊಂಡು ಹೊರಗೆ ಬರುತ್ತಾನೆ. ಅಲ್ಲಿಂದ ಮುಂದೆ ಬದುಕಿರುವಷ್ಟು ಕಾಲವೂ ಅದನ್ನೇ ಮಾಡುತ್ತಾನೆ. ಇಷ್ಟು ದೀರ್ಘಕಾಲ ಮಾಡಬೇಕಾದ ಕೆಲಸವೊಂದನ್ನು ಕಲಿಯದೇ ಬಿಡಬಾರದು ಎಂಬ ಯೋಚನೆ ನನಗೆ ಬಂದದ್ದು ಕೆನ್ನೆಯ ಮೇಲೆ ಬಿಳಿಗೂದಲು ಕಾಣಿಸಿಕೊಂಡ ಮೇಲೆ. ಅದರ ಬೆನ್ನಲ್ಲೇ ಸೇಫ್ಟಿ ರೇಜರ್ ಮನೆಗೆ ಬಂತು.

ಅಲ್ಲಿಯವರೆಗೆ ನಾನು ಬಳಸುತ್ತಿದ್ದುದು ಪ್ಲಾಸ್ಟಿಕ್ಕಿನಲ್ಲಿ ಹಲವು ಅಲಗುಗಳನ್ನು ಕೂರಿಸಿದ ಕಾರ್ಟ್ರಿಜ್ ರೇಜರು. ಅದು ಬೇಗ ಕೆಲಸ ಮುಗಿಸುತ್ತದೆ, ಅವಸರದವರಿಗೆ ಒದಗುತ್ತದೆ. ಅದನ್ನು ನಾನು ಹಳಿಯುವುದಿಲ್ಲ. ಆದರೆ ಗಂಟಲ ಕೆಳಗೆ ಸದಾ ಕೆಂಪು ಗುಳ್ಳೆ, ಉರಿ. ಕಾರಣ ತಿಳಿದದ್ದು ಆಮೇಲೆ. ಅನೇಕ ಅಲಗುಗಳ ರೇಜರಿನಲ್ಲಿ ಮೊದಲನೆಯದು ಕೂದಲನ್ನು ಹಿಡಿದು ಕೊಂಚ ಹೊರಗೆಳೆಯುತ್ತದೆ. ಅದು ಒಳಸರಿಯುವ ಮುನ್ನವೇ ಹಿಂದಿನ ಅಲಗು ಕತ್ತರಿಸುತ್ತದೆ. ಹಾಗೆ ಕತ್ತರಿಸಿದ ಕೂದಲ ತುದಿ ಚರ್ಮದ ಮಟ್ಟಕ್ಕಿಂತ ಕೆಳಗೆ ಇಳಿದುಬಿಡುತ್ತದೆ. ಗುಂಗುರು ಗಡ್ಡದವರಲ್ಲಿ ಅದು ಮತ್ತೆ ಬೆಳೆಯುವಾಗ ಹೊರಗೆ ಬರುವ ದಾರಿ ತಪ್ಪಿ ಚರ್ಮದೊಳಗೇ ತಿರುಗುತ್ತದೆ. ನುಣುಪು ಹೆಚ್ಚಾದಷ್ಟೂ ನೋವೂ ಹೆಚ್ಚು. ಒಂದೇ ಅಲಗು ಚರ್ಮದ ಮಟ್ಟದಲ್ಲೇ ಕತ್ತರಿಸಿದರೆ ಸಾಕು ಎನ್ನುವವರಿಗೆ ಸೇಫ್ಟಿ ರೇಜರೇ ಸರಿ.

ಸೇಫ್ಟಿ ರೇಜರನ್ನು ಬಿಚ್ಚಿ ನೋಡಿದರೆ ಸಾಮಾನ್ಯವಾಗಿ ಸಿಗುವುದು ಮೂರೇ ತುಂಡು: ಮೇಲಿನ ಮುಚ್ಚಳ, ಕೆಳಗಿನ ತಟ್ಟೆ, ಹಿಡಿ. ಮುಚ್ಚಳಕ್ಕೂ ತಟ್ಟೆಗೂ ನಡುವೆ ಎರಡು ಕಡೆ ಹರಿತವಾದ ಬ್ಲೇಡು. ಉದ್ದ ಸುಮಾರು 43 ಮಿಲಿಮೀಟರು, ಅಗಲ 22, ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗ. ಬರಿಗೈಯಲ್ಲಿ ಹಿಡಿದರೆ ಬಳುಕುತ್ತದೆ. ಹಿಡಿಯನ್ನು ತಿರುಗಿಸಿ ಬಿಗಿ ಮಾಡಿದಾಗ ಮುಚ್ಚಳ ಅದನ್ನು ತಟ್ಟೆಯ ಮೇಲೆ ಬಾಗಿಸಿ ಕೂರಿಸುತ್ತದೆ. ಬಾಗಿದ ಕೂಡಲೇ ಆ ತೆಳು ತಗಡಿಗೆ ಬಿಗುವು ಬರುತ್ತದೆ. ಅಲಗಿನ ತುದಿ ಮಾತ್ರ ಹೊರಗೆ ಇಣುಕಿ, ಅದರ ಮುಂದೆ ತಟ್ಟೆಯ ಅಂಚು ಕಾವಲಾಗಿ ನಿಲ್ಲುತ್ತದೆ. ಎಷ್ಟು ಇಣುಕುತ್ತದೆ, ಅಲಗಿಗೂ ಕಾವಲಿಗೂ ಎಷ್ಟು ಅಂತರ ಎಂಬುದರ ಮೇಲೆ ಒಂದು ರೇಜರಿನ ಸೌಮ್ಯತೆಯೋ ಕಾಠಿಣ್ಯವೋ ನಿರ್ಧಾರವಾಗುತ್ತದೆ.

ಮೊದಲ ರೇಜರ್ ಆರಿಸುವಾಗ ನೋಡಬೇಕಾದದ್ದು ಇದನ್ನೇ. ಕಾವಲಿನ ಅಂಚು ನೇರವಾಗಿರುವವು ಕೆಲವು, ಬಾಚಣಿಗೆ ಹಲ್ಲುಗಳಿರುವವು ಕೆಲವು. ಹಲ್ಲಿರುವವು ಸಾಮಾನ್ಯವಾಗಿ ನಾಲ್ಕು ದಿನದ ಗಡ್ಡಕ್ಕೆ, ಪಳಗಿದ ಕೈಗೆ. ಜರ್ಮನಿಯ ಮ್ಯೂಲೆ ಕಂಪನಿಯದೇ ಉದಾಹರಣೆ ಹೇಳಬಹುದು: ನೇರ ಅಂಚಿನ ಆರ್89 ಕಲಿಯುವವರನ್ನು ಸಂಭಾಳಿಸುತ್ತದೆ, ಹಲ್ಲಿನ ಆರ್41 ಅರೆಗಳಿಗೆಯ ಅಜಾಗ್ರತೆಯನ್ನೂ ಸಹಿಸುವುದಿಲ್ಲ. ಕತ್ತಿ ಚಾಕುಗಳಿಗೆ ಹೆಸರಾದ ಜೋಲಿಂಗನ್ ಪಟ್ಟಣದ ಮೆರ್ಕುರ್ 34ಸಿ ರೇಜರಿನ ಹಿಡಿ ಗಿಡ್ಡವಾದದ್ದು, ತೂಕ ಚೆನ್ನಾಗಿದೆ, ಎರಡೇ ಭಾಗ. ಅನೇಕರ ಮೊದಲ ರೇಜರ್ ಅದೇ. ನಮ್ಮ ದೇಶದಲ್ಲೇ ತಯಾರಾಗುವ ಪಾರ್ಕರ್, ಪರ್ಲ್ ರೇಜರುಗಳೂ ಇವೆ. ಹಿಡಿಯ ಬುಡ ತಿರುಗಿಸಿದರೆ ಮುಚ್ಚಳ ಎರಡು ಬಾಗಿಲಾಗಿ ತೆರೆದುಕೊಳ್ಳುವ ಬಗೆಯೂ ಉಂಟು. ಅದು ಅನುಕೂಲ, ಆದರೆ ಅದರ ಸಂದುಗಳಲ್ಲಿ ಸೋಪಿನ ಜಿಡ್ಡು ಕೂರುತ್ತದೆ. ನಮ್ಮ ಊರುಗಳ ಗಡಸು ನೀರಿಗೆ ಪೂರ್ತಿ ಬಿಚ್ಚಿ ತೊಳೆಯಬಹುದಾದ ಮೂರು ತುಂಡಿನದೇ ವಾಸಿ ಎಂದು ನಾನು ನೇರ ಅಂಚಿನ, ಮೂರು ತುಂಡಿನ, ಕೈಗೆ ತೂಕ ತಿಳಿಯುವಂಥದೊಂದನ್ನು ಆರಿಸಿಕೊಂಡೆ. ಬೆಲೆಗಿಂತ, ಹೊಳಪಿಗಿಂತ ಸೌಮ್ಯತೆಗೆ ಮೊದಲ ಮಣೆ ಹಾಕಬೇಕು. ಕಲಿಯುವ ಕೈಗೆ ಸಮಾಧಾನದ ಗುರು ಬೇಕು.

ಇಂಥ ಸರಳ ವಸ್ತು ಬರಲು ಎಷ್ಟು ಕಾಲ ಹಿಡಿಯಿತೆಂದು ತಿಳಿದಾಗ ಅದರ ಮೇಲಿನ ಗೌರವ ಇಮ್ಮಡಿಯಾಗುತ್ತದೆ. ಕತ್ತಿಗೆ ಕಾವಲು ಕಟ್ಟುವ ಆಲೋಚನೆ ಹದಿನೆಂಟನೇ ಶತಮಾನದ ಫ್ರಾನ್ಸಿನ ಝಾನ್ ಝಾಕ್ ಪೆರೆ ಎಂಬ ಕತ್ತಿ ಚಾಕು ಮಾಡುವ ಕುಶಲಕರ್ಮಿಗೇ ಹೊಳೆದಿತ್ತು. 1880ರಲ್ಲಿ ಅಮೆರಿಕದ ಕ್ಯಾಂಪ್ಫ್ ಸಹೋದರರು ಕಾವಲಿರುವ ರೇಜರಿಗೆ ಪೇಟೆಂಟ್ ಪಡೆದರು. ಆದರೂ ಅಲಗನ್ನು ಮಸೆಯುವುದು ತಪ್ಪಿರಲಿಲ್ಲ. ಬಾಟಲಿ ಮುಚ್ಚಳ ಮಾರುತ್ತಿದ್ದ ಕಿಂಗ್ ಕ್ಯಾಂಪ್ ಜಿಲೆಟ್ ಎಂಬಾತನಿಗೆ 1895ರಲ್ಲಿ ಒಂದು ಬೆಳಿಗ್ಗೆ, ಮೊಂಡಾದ ಕತ್ತಿ ಹಿಡಿದು ನಿಂತಾಗ, ಮಸೆಯಬೇಕಿಲ್ಲದ ತೆಳು ಬ್ಲೇಡಿನ ಕಲ್ಪನೆ ಬಂತು. ಅಷ್ಟು ತೆಳುವಾದ ಉಕ್ಕಿನ ತಗಡಿಗೆ ಗಡಸುತನ ಕೊಡಲು ಆಗದೆಂದು ಬಲ್ಲವರು ಹೇಳಿದರು. ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರು ಆಗುವಂತೆ ಮಾಡಿದರು. 1901ರಲ್ಲಿ ಬಾಸ್ಟನ್ನಿನಲ್ಲಿ ಕಂಪನಿ ಶುರುವಾಯಿತು. 1903ರಲ್ಲಿ ಇಡೀ ವರ್ಷ ಮಾರಾಟವಾದದ್ದು 51 ರೇಜರು, 168 ಬ್ಲೇಡು. ಮರುವರ್ಷ ಪೇಟೆಂಟ್ ಕೈಗೆ ಬಂತು, ರೇಜರುಗಳ ಮಾರಾಟ ತೊಂಬತ್ತು ಸಾವಿರ ಮುಟ್ಟಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ತನ್ನ ಸೈನಿಕರಿಗೆಂದು 35 ಲಕ್ಷ ರೇಜರು, 3.2 ಕೋಟಿ ಬ್ಲೇಡು ತೆಗೆದುಕೊಂಡಿತು. ಯುದ್ಧದಿಂದ ಮರಳಿದವರು ಮನೆಗೆ ಅದೇ ಅಭ್ಯಾಸ ತಂದರು. ಇಂದು ನಮ್ಮ ಬೀದಿಯ ಅಂಗಡಿಯಲ್ಲಿ ಕೊಂಡ ಬ್ಲೇಡು ಆ ಕಾಲದ ಜಿಲೆಟ್ ರೇಜರಿಗೂ ಹೊಂದಿಕೊಳ್ಳುತ್ತದೆ. ನೂರು ವರ್ಷ ದಾಟಿದ ಮೇಲೂ ಹಳೆಯದನ್ನು ಕೈಬಿಡದ ಈ ನಿಷ್ಠೆ ನನಗೆ ತುಂಬಾ ಹಿಡಿಸುತ್ತದೆ.

ಬ್ಲೇಡಿನ ವಿಷಯದಲ್ಲಿ ನಾವು ಭಾಗ್ಯವಂತರು. ಸೆವೆನ್ ಓ ಕ್ಲಾಕ್, ಟೋಪಾಜ್, ಸೂಪರ್‌ಮ್ಯಾಕ್ಸ್ ಮೊದಲಾದ ಪೊಟ್ಟಣಗಳು ದಿನಸಿ ಅಂಗಡಿಯಲ್ಲಿ ಬೀಡಿ ಬೆಂಕಿಪೊಟ್ಟಣಗಳ ಪಕ್ಕದಲ್ಲೇ ಸಿಗುತ್ತವೆ. ಒಂದು ಒಳ್ಳೆಯ ಕಾರ್ಟ್ರಿಜ್ಜಿನ ಬೆಲೆಗೆ ಇವು ಹತ್ತಾರು ಬರುತ್ತವೆ. ಎಲ್ಲವೂ ನೋಡಲು ಒಂದೇ. ಮುಖದ ಮೇಲೆ ಮಾತ್ರ ಬೇರೆ ಬೇರೆ. ಉಕ್ಕಿನ ಹದ, ಅಂಚು ಮಸೆದ ಕ್ರಮ, ಅದರ ಮೇಲಿನ ಕ್ರೋಮಿಯಂ, ಪ್ಲಾಟಿನಂ, ಟೆಫ್ಲಾನಿನಂಥ ತೆಳುಲೇಪ, ಇವೆಲ್ಲ ಸೇರಿ ಒಂದೊಂದಕ್ಕೆ ಒಂದೊಂದು ಗುಣ. ಗೆಳೆಯನ ಕೆನ್ನೆಗೆ ಒಗ್ಗಿದ್ದು ನನ್ನ ಗಂಟಲಿಗೆ ಒಗ್ಗಬೇಕೆಂದಿಲ್ಲ. ರೇಜರ್, ಸೋಪು ಎರಡನ್ನೂ ಬದಲಿಸದೆ ಬ್ಲೇಡನ್ನು ಮಾತ್ರ ಬದಲಿಸುತ್ತ ಹೋದರೆ ತನಗೆ ಯಾವುದು ಸರಿಯೆಂದು ತಾನಾಗಿ ತಿಳಿಯುತ್ತದೆ. ಈ ಹುಡುಕಾಟಕ್ಕೆ ಖರ್ಚು ಕಡಿಮೆ, ಸಂತೋಷ ಹೆಚ್ಚು.

ಇನ್ನು ನೀರು. ಗಡ್ಡ ತೆಗೆಯುವ ಕೆಲಸದಲ್ಲಿ ಅರ್ಧ ಪಾಲು ನೀರಿನದು. ಕೂದಲು ನೀರು ಹೀರಿ ಮೆತ್ತಗಾಗುತ್ತದೆ. ನೆನೆದ ಕೂದಲನ್ನು ಕತ್ತರಿಸಲು ಒಣಗೂದಲಿಗಿಂತ ಕಡಿಮೆ ಬಲ ಸಾಕು. ಅದಕ್ಕೇ ಸ್ನಾನ ಮಾಡಿದ ಮೇಲೆ ಗಡ್ಡ ತೆಗೆಯುವುದು ಒಳ್ಳೆಯದು. ನಮ್ಮ ಹಿರಿಯರು ಕ್ಷೌರ ಮುಗಿಸದೆ ಸ್ನಾನಕ್ಕೆ ಹೋಗುತ್ತಿರಲಿಲ್ಲ. ಆ ಪದ್ಧತಿ ಬಿಡಲಾಗದವರು ಬಿಸಿನೀರಲ್ಲಿ ಅದ್ದಿದ ಟವೆಲನ್ನು ಎರಡು ಮೂರು ನಿಮಿಷ ಮುಖಕ್ಕೆ ಹಿಡಿದರಾಯಿತು.

ಕೂದಲಿಗೂ ಉಕ್ಕಿಗೂ ನಡೆಯುವ ಜಗಳದ ಬಗ್ಗೆ 2020ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದದ್ದು ಬೆರಗು ಹುಟ್ಟಿಸುತ್ತದೆ. ಬ್ಲೇಡಿನ ಉಕ್ಕಿಗಿಂತ ಕೂದಲು ಸುಮಾರು ಐವತ್ತು ಪಟ್ಟು ಮೃದು. ಆದರೂ ಉಕ್ಕೇ ಸೋಲುತ್ತದೆ. ಉಜ್ಜಿ ಉಜ್ಜಿ ಅಂಚು ಸವೆಯುತ್ತದೆಂದು ನಾವು ಭಾವಿಸಿರುತ್ತೇವೆ. ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಕಂಡದ್ದೇ ಬೇರೆ. ಕೂದಲು ಬ್ಲೇಡಿಗೆ ಓರೆಯಾಗಿ ಬಾಗಿ ತಗುಲಿದಾಗ, ಉಕ್ಕಿನ ಒಳರಚನೆ ಎಲ್ಲಿ ಒಂದೇ ಸಮನಾಗಿಲ್ಲವೋ ಅಲ್ಲಿ ಕಣ್ಣಿಗೆ ಕಾಣದಂಥ ಚೂರು ಎಗರುತ್ತದೆ. ಹಾಗೆ ಅಂಚು ಮುಕ್ಕಾಗುತ್ತ ಬ್ಲೇಡು ಮೊಂಡಾಗುತ್ತದೆ. ಇದನ್ನು ಓದಿದ ಮೇಲೆ ಬಿಸಿನೀರು, ನೊರೆ, ನಿಧಾನ ಇವುಗಳೆಲ್ಲ ಬ್ಲೇಡಿನ ಆಯುಷ್ಯಕ್ಕೂ ಬೇಕೆಂದು ನನಗೆ ಅನಿಸತೊಡಗಿದೆ.

ನೊರೆಗೆ ಮೈಸೋಪು ಒದಗುವುದಿಲ್ಲ. ಅದರ ನೊರೆ ಗುಳ್ಳೆಗುಳ್ಳೆಯಾಗಿ ಎದ್ದು ಬೇಗ ಆರಿಹೋಗುತ್ತದೆ. ಶೇವಿಂಗ್ ಸೋಪಿನಲ್ಲಿ ಸ್ಟಿಯರಿಕ್ ಆಮ್ಲ ಧಾರಾಳ. ಅದಕ್ಕೆ ಪೊಟ್ಯಾಷ್ ಕ್ಷಾರ ಸೇರಿರುವುದರಿಂದ ಸೋಪು ಮೃದು, ನೊರೆ ದಟ್ಟ, ತೇವ ಬಹಳ ಹೊತ್ತು ನಿಲ್ಲುತ್ತದೆ. ಬ್ರಷ್ಷಿನಲ್ಲಿ ಹಂದಿಗೂದಲಿನದು, ಬ್ಯಾಡ್ಜರ್ ಪ್ರಾಣಿಯ ಕೂದಲಿನದು, ಕೃತಕ ಎಳೆಯದು ಎಂದು ಬಗೆಗಳಿವೆ. ಪ್ರಾಣಿಗಳ ಕೂದಲು ಬೇಡವೆನ್ನುವವರಿಗೆ ಕೃತಕ ಎಳೆಯದು ಯಾವ ಕೊರತೆಯನ್ನೂ ಮಾಡುವುದಿಲ್ಲ, ಬೇಗ ಒಣಗುತ್ತದೆ ಕೂಡ. ಒದ್ದೆ ಬ್ರಷ್ಷನ್ನು ಸೋಪಿನ ಮೇಲೆ ಆಡಿಸಿ, ಬಟ್ಟಲಲ್ಲೋ ಕೆನ್ನೆಯ ಮೇಲೋ ತಿರುಗಿಸುತ್ತ, ಹನಿ ಹನಿಯಾಗಿ ನೀರು ಸೇರಿಸುತ್ತ ಹೋಗಬೇಕು. ಮೊದಲು ಒಣಒಣ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಗಳೆಲ್ಲ ಅಡಗಿ ಹೊಳಪು ಬಂದು ಗಡಿಗೆಯ ಗಟ್ಟಿಮೊಸರಿನ ಹದಕ್ಕೆ ನಿಲ್ಲುತ್ತದೆ. ಆ ಹದ ಬರುವವರೆಗೆ ರೇಜರ್ ಮುಟ್ಟಬಾರದು.

ರೇಜರ್ ಹಿಡಿಯುವ ಮೊದಲು ಇನ್ನೊಂದು ಕೆಲಸವುಂಟು. ಎರಡು ದಿನದ ಗಡ್ಡದ ಮೇಲೆ ಬೆರಳಾಡಿಸಿ ಕೂದಲು ಯಾವ ಕಡೆಗೆ ಬೆಳೆದಿದೆ ಎಂದು ನೋಡಿಕೊಳ್ಳಬೇಕು. ನುಣ್ಣಗೆ ಜಾರಿದರೆ ಅದು ಬೆಳೆದ ದಿಕ್ಕು, ತಡೆದರೆ ಎದುರು ದಿಕ್ಕು. ಕೆನ್ನೆಯಲ್ಲಿ ಹೆಚ್ಚಿನವರಿಗೆ ಕೆಳಮುಖ. ಗಂಟಲಿಗೆ ಬಂದರೆ ಒಬ್ಬೊಬ್ಬರದು ಒಂದೊಂದು ಕತೆ: ಕೆಲವೆಡೆ ಮೇಲಕ್ಕೆ, ಕೆಲವೆಡೆ ಅಡ್ಡಕ್ಕೆ, ದವಡೆಯ ಕೆಳಗೆ ಸುಳಿ. ನನ್ನ ಎಡಗಡೆಯ ಕುತ್ತಿಗೆಯಲ್ಲಿ ಕೂದಲು ಕಿವಿಯ ಕಡೆಗೆ ಓಡುತ್ತದೆಂದು ತಿಳಿದದ್ದು ಆಗಲೇ. ಅಷ್ಟು ವರ್ಷ ಹೊತ್ತು ತಿರುಗಿದ ಮುಖದ ಪರಿಚಯ ಈಗಷ್ಟೇ ಆದದ್ದು ಕಂಡು ನನಗೆ ಆನಂದವಾಯಿತು.

ಮೊದಲ ಸುತ್ತು ಕೂದಲು ಬೆಳೆದ ದಿಕ್ಕಿಗೆ. ಮತ್ತೆ ನೊರೆ ಹಚ್ಚಿ ಎರಡನೆಯದು ಅಡ್ಡಕ್ಕೆ. ಕಲಿಯುವವರಿಗೆ ಇಷ್ಟೇ ಸಾಕು. ಎದುರು ದಿಕ್ಕಿನ ಸುತ್ತು ಕೈ ಪಳಗಿದ ಮೇಲೆ, ಚರ್ಮ ಒಪ್ಪಿದರೆ ಮಾತ್ರ. ಒಂದೇ ಸಲಕ್ಕೆ ಎಲ್ಲವನ್ನೂ ತೆಗೆಯುವ ಹಟ ಬೇಡ. ಸುತ್ತು ಸುತ್ತಿಗೆ ಗಡ್ಡ ಕಡಿಮೆಯಾಗುತ್ತ ಬರಬೇಕು. ಮುಚ್ಚಳವನ್ನು ಕೆನ್ನೆಗೆ ತಾಗಿಸಿ, ಅಲಗು ಮುಟ್ಟುವವರೆಗೆ ಹಿಡಿಯನ್ನು ಮೆಲ್ಲಗೆ ಇಳಿಸಿದರೆ ಸುಮಾರು ಮೂವತ್ತು ಡಿಗ್ರಿಯ ಓರೆ ಸಿಗುತ್ತದೆ. ಕಿವಿಯೂ ಸಹಾಯಕ್ಕೆ ಬರುತ್ತದೆ: ಓರೆ ಸರಿಯಿದ್ದರೆ ಕೂದಲು ಕತ್ತರಿಸುವ ಸಣ್ಣ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಆಮೇಲಿನ ನಿಯಮ ಒಂದೇ, ಒತ್ತಬಾರದು. ರೇಜರಿನ ಅರವತ್ತು ಎಂಬತ್ತು ಗ್ರಾಂ ತೂಕವೇ ಕೆಲಸಕ್ಕೆ ಸಾಕು. ಭಾರ ರೇಜರಿನದು, ದಾರಿ ತೋರಿಸುವುದಷ್ಟೇ ಕೈಯದು. ಹಗುರ ಪ್ಲಾಸ್ಟಿಕ್ ರೇಜರನ್ನು ಒತ್ತಿ ಎಳೆದು ರೂಢಿಯಾದ ಕೈಗೆ ಈ ಮಾತು ಬುದ್ಧಿಗೆ ತಿಳಿದಷ್ಟು ಬೇಗ ಮಣಿಕಟ್ಟಿಗೆ ತಿಳಿಯುವುದಿಲ್ಲ. ಹಿಡಿಯ ತುದಿಯನ್ನು ಬೆರಳುಗಳಲ್ಲಿ ಸಡಿಲವಾಗಿ ಹಿಡಿದರೆ ಒತ್ತಲು ಆಗುವುದೇ ಇಲ್ಲ.

ಉಳಿದ ಪಾಠ ನನಗೆ ಸಿಕ್ಕಿದ್ದು ನಮ್ಮ ಬೀದಿಯ ಕ್ಷೌರದಂಗಡಿಯಲ್ಲಿ. ತಲೆಗೂದಲು ಕತ್ತರಿಸಿಕೊಳ್ಳಲು ಹೋದಾಗ ಅಂಗಡಿಯ ಯಜಮಾನರನ್ನು ಕೇಳಿದೆ. ಅವರು ನನ್ನ ಎಡಗೈ ತೋರಿಸಿ ಹೇಳಿದರು: “ಗಡ್ಡ ತೆಗಿಯೋದು ಈ ಕೈ ಸಾರ್. ಬಲಗೈ ಬ್ಲೇಡ್ ಹಿಡ್ಕೊಂಡಿರುತ್ತೆ, ಅಷ್ಟೇ. ಚರ್ಮ ಬಿಗಿಯಾಗಿ ಎಳ್ಕೊಳ್ಳಿ, ಸಣ್ಣ ಸಣ್ಣದಾಗಿ ಎಳೀರಿ.” ಮುಂದಿನ ಗಿರಾಕಿಯ ಮುಖದ ಮೇಲೆ ಅವರು ಅದನ್ನೇ ಮಾಡುವುದನ್ನು ಕನ್ನಡಿಯಲ್ಲಿ ನೋಡುತ್ತ ಕುಳಿತೆ. ಎಡಗೈ ಹೆಬ್ಬೆರಳು ಕತ್ತಿಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತಿತ್ತು. ಗದ್ದದ ತಗ್ಗು, ಗಂಟಲ ಮಣಿ, ಮೇಲ್ದುಟಿ, ಎಲ್ಲಿ ಮುಖ ಉಬ್ಬುತಗ್ಗಾಗಿದೆಯೋ ಅಲ್ಲೆಲ್ಲ ಆ ಬೆರಳು ಚರ್ಮವನ್ನು ಸಮಮಾಡಿ ಕತ್ತಿಗೆ ದಾರಿ ಮಾಡಿಕೊಡುತ್ತಿತ್ತು. ಅವರ ಕತ್ತಿಯಲ್ಲಿದ್ದದ್ದೂ ನನ್ನ ರೇಜರಿನ ಬ್ಲೇಡೇ. ಕಾಗದದ ಹೊದಿಕೆಯಲ್ಲೇ ಮುರಿದು ಎರಡು ಮಾಡಿದ ಅರ್ಧ. ಕಲ್ಲಿನಲ್ಲಿ ಮಸೆದು ಚರ್ಮದ ಪಟ್ಟಿಗೆ ಉಜ್ಜುವ ಹಳೆಯ ಕತ್ತಿ ಹೋಗಿ, ರಕ್ತದ ಮೂಲಕ ಹರಡುವ ರೋಗಗಳ ಎಚ್ಚರಿಕೆಯಿಂದ, ಒಬ್ಬೊಬ್ಬರಿಗೆ ಹೊಸ ಅರ್ಧ ಬ್ಲೇಡು ಹಾಕುವ ಪದ್ಧತಿ ಬಂದಿದೆ.

ಈ ವಿದ್ಯೆಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರನ್ನು ನಮ್ಮ ಊರುಗಳು ಹೇಗೆ ನಡೆಸಿಕೊಂಡವು ಎಂದು ನೆನೆದರೆ ಮನಸ್ಸು ಕುಗ್ಗುತ್ತದೆ. ಹಳ್ಳಿಗಳಲ್ಲಿ ಕ್ಷೌರಿಕರು ಮನೆಮನೆಗೆ ಬಂದು ಕೆಲಸ ಮಾಡಿ ಸುಗ್ಗಿಯಲ್ಲಿ ಆಯದ ಕಾಳು ಪಡೆಯುತ್ತಿದ್ದರು. ಗಂಟಲಿಗೆ ಕತ್ತಿ ಇಡುವಷ್ಟು ನಂಬಿಕೆ ಅವರ ಮೇಲಿತ್ತು. ಒಳಗೆ ಕರೆದು ಕೂರಿಸುವಷ್ಟು ಗೌರವ ಇರಲಿಲ್ಲ. ಅವರ ಕಸುಬಿನ ಹೆಸರನ್ನೇ ಬೈಗುಳ ಮಾಡಿಕೊಂಡ ಸಮಾಜ ನಮ್ಮದು. ಸ್ವಂತ ಮುಖದ ಮೇಲೆ ಸ್ವಂತ ಕೈಯಿಂದ ಇದನ್ನು ಕಲಿಯಲು ಹೊರಟವರಿಗೆ ಬೇರೊಬ್ಬರ ಮುಖದ ಮೇಲೆ, ದಿನಕ್ಕೆ ಹತ್ತಾರು ಮುಖಗಳ ಮೇಲೆ, ಇದನ್ನು ಗಾಯವಿಲ್ಲದೆ ಮಾಡುವುದು ಎಷ್ಟು ದೊಡ್ಡ ವಿದ್ಯೆ ಎಂದು ತಿಳಿಯುತ್ತದೆ.

ಅಪ್ಪ ಭಾನುವಾರ ಜಗಲಿಯಲ್ಲಿ ಕೂತು ಗಡ್ಡ ತೆಗೆಯುತ್ತಿದ್ದರು. ಕಿಟಕಿಯ ಸರಳಿಗೆ ಸಿಕ್ಕಿಸಿದ ಕೈಗನ್ನಡಿ, ಹಂಡೆಯಿಂದ ತಂದ ಒಂದು ಲೋಟ ಬಿಸಿನೀರು, ಹಳೆಯ ಪೇಪರಿನ ತುಂಡು. ಅಷ್ಟರಲ್ಲೇ ಎಲ್ಲ ಮುಗಿಯುತ್ತಿತ್ತು. ಆ ಲೋಟದ ಮಹತ್ವ ನನಗೆ ತಿಳಿದದ್ದು ಜಿಲೆಟ್ ಕಂಪನಿಯ ಒಂದು ಅನುಭವ ಓದಿದಾಗ. ಭಾರತಕ್ಕೆಂದು ಮಾಡಿದ ಕಾರ್ಟ್ರಿಜ್ ರೇಜರೊಂದನ್ನು ಅವರು ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳಿಗೆ ಕೊಟ್ಟು ನೋಡಿದ್ದರು, ಎಲ್ಲರೂ ಮೆಚ್ಚಿದ್ದರು. ಇಲ್ಲಿಗೆ ಬಂದಾಗ ಅದು ಸೋತಿತು. ಅಲ್ಲಿ ನಲ್ಲಿ ನೀರು ಹರಿಯುತ್ತಿತ್ತು, ಇಲ್ಲಿ ಬಹುಜನರ ಮುಂದೆ ಇದ್ದದ್ದು ಒಂದು ಲೋಟ ನೀರು. ಅಲಗುಗಳ ನಡುವೆ ಸಿಕ್ಕಿದ ಕೂದಲು ಆ ನೀರಲ್ಲಿ ಬಿಡುತ್ತಿರಲಿಲ್ಲ. ಆಮೇಲೆ ಮನೆಮನೆಗೆ ಬಂದು ನೋಡಿ, 2010ರಲ್ಲಿ ಒಂದೇ ಅಲಗಿನ, ಸುಲಭವಾಗಿ ತೊಳೆಯಬಹುದಾದ ‘ಗಾರ್ಡ್’ ರೇಜರನ್ನು ತಂದರು. ಅಪ್ಪನ ಸೇಫ್ಟಿ ರೇಜರಿಗೆ ಲೋಟದ ನೀರಲ್ಲಿ ಒಮ್ಮೆ ಅಲ್ಲಾಡಿಸಿದರೆ ಸಾಕಾಗುತ್ತಿತ್ತು. ನೀರಿಗೆ ಪರದಾಡುವ ಈ ದಿನಗಳಲ್ಲಿ ನಾನೂ ನಲ್ಲಿ ಮುಚ್ಚಿ ಲೋಟಕ್ಕೆ ಮರಳಿದ್ದೇನೆ.

ಮುಗಿದ ಮೇಲೆ ತಣ್ಣೀರಲ್ಲಿ ಮುಖ ತೊಳೆದು, ಒದ್ದೆ ಪಟಿಕದ ಕಲ್ಲನ್ನು ಮೆಲ್ಲಗೆ ಆಡಿಸಿದರೆ ಚರ್ಮ ಬಿಗಿಯುತ್ತದೆ, ಸಣ್ಣ ಗೀರಿದ್ದರೆ ರಕ್ತ ನಿಲ್ಲುತ್ತದೆ. ಎಲ್ಲಿ ಚುರುಗುಟ್ಟುತ್ತದೋ ಅಲ್ಲಿ ಕೈ ಒತ್ತಿದೆ ಎಂದು ಅದು ತಿಳಿಸುತ್ತದೆ. ರೇಜರನ್ನು ತೊಳೆದು ಒಣಗಲು ಬಿಡಬೇಕು, ಬ್ಲೇಡಿನ ಅಂಚನ್ನು ಬಟ್ಟೆಯಿಂದ ಒರೆಸಬಾರದು.

ಹಳೆಯ ಬ್ಲೇಡಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅಮೆರಿಕದ ಹಳೆಯ ಮನೆಗಳಲ್ಲಿ ಬಚ್ಚಲಮನೆಯ ಔಷಧಿ ಕಪಾಟಿಗೆ ಒಂದು ಸೀಳು ಇರುತ್ತಿತ್ತು. ಬಳಸಿದ ಬ್ಲೇಡುಗಳನ್ನು ಅದರೊಳಗೆ ಹಾಕಿದರೆ ಗೋಡೆಯ ಟೊಳ್ಳಿನಲ್ಲಿ ಬಿದ್ದು ಅಲ್ಲೇ ಇರುತ್ತಿದ್ದವು. ನಮ್ಮ ಮನೆಗಳಲ್ಲಿ ಅವು ಪೆನ್ಸಿಲ್ ಹೆರೆಯಲು, ಹೊಲಿಗೆ ಬಿಚ್ಚಲು, ಉಗುರು ತೆಗೆಯಲು ಒದಗಿ ಕೊನೆಗೆ ಕಸಕ್ಕೆ ಹೋಗುತ್ತಿದ್ದವು. ಈಗ ಆ ಕಸವನ್ನು ಪೌರಕಾರ್ಮಿಕರು ಕೈಯಲ್ಲೇ ಬೇರ್ಪಡಿಸುತ್ತಾರೆ. ಕಸದಲ್ಲಿ ಬಿಡಿಯಾಗಿ ಎಸೆದ ಒಂದು ಬ್ಲೇಡು ಅವರ ಬೆರಳನ್ನು ಸೀಳಬಲ್ಲದು. ತಗಡಿನ ಡಬ್ಬಿಗೆ ಸೀಳು ಮಾಡಿ ಎಲ್ಲವನ್ನೂ ಅದರಲ್ಲೇ ಕೂಡಿಟ್ಟು, ತುಂಬಿದ ಮೇಲೆ ಬಾಯಿ ಭದ್ರಮಾಡಿ, ಒಳಗೆ ಬ್ಲೇಡಿದೆ ಎಂದು ಮೇಲೆ ಬರೆದು, ಬಾಯಿಮಾತಿನಲ್ಲೂ ಹೇಳಿ ಕೊಡಬೇಕು. ತೆಳುಲೇಪ ಬಿಟ್ಟರೆ ಬ್ಲೇಡು ಬರಿಯ ಉಕ್ಕು, ಕಾರ್ಟ್ರಿಜ್ಜಿನಂತೆ ಪ್ಲಾಸ್ಟಿಕ್ ಬೆರೆತದ್ದಲ್ಲ. ಭೂಮಿಗೆ ಇದರಿಂದ ಹೊರೆ ಕಡಿಮೆ. ಕಸ ಎತ್ತುವವರ ಕೈಗೂ ಅಪಾಯವಾಗದಂತೆ ನೋಡಿಕೊಂಡಾಗಲೇ ಆ ಒಳ್ಳೆಯತನ ಪೂರ್ತಿಯಾಗುವುದು.

ಈ ಅಭ್ಯಾಸದಿಂದ ಗಂಟಲ ಗುಳ್ಳೆ ಹೋದದ್ದು, ಖರ್ಚು ಉಳಿದದ್ದು ನಿಜ. ಆದರೆ ನಾನು ಇದನ್ನು ಪ್ರೀತಿಸುವ ಕಾರಣ ಬೇರೆ. ಹರಿತವಾದ ವಸ್ತುವನ್ನು ಹಿಡಿದ ಕೈ ಹಗುರವಾಗಿರಬೇಕು ಎಂಬುದನ್ನು ಇದು ಕೈಗೇ ಕಲಿಸಿತು. ತರಕಾರಿ ಹೆಚ್ಚುವಾಗ, ಪೆನ್ನು ಹಿಡಿದಾಗ, ಮನೆಯವರೊಡನೆ ಕಟುವಾದ ನಿಜವೊಂದನ್ನು ಆಡಬೇಕಾಗಿ ಬಂದಾಗಲೂ ಆ ಪಾಠ ನೆನಪಿಗೆ ಬಂದು ನನ್ನನ್ನು ಕೊಂಚ ತಡೆಯುತ್ತದೆ. ಬಲ ಹಾಕಬೇಕಾಗಿ ಬರುವುದು ಹತಾರ ಮೊಂಡಾದಾಗ, ಇಲ್ಲವೇ ನಾವು ಅವಸರದಲ್ಲಿದ್ದಾಗ. ಆದ್ದರಿಂದ ಹೊಸದಾಗಿ ರೇಜರ್ ಕೊಂಡವರಿಗೆ ನಾನು ಹೇಳುವುದಿಷ್ಟೇ. ಬಿಡುವಿರುವ ದಿನ ಶುರುಮಾಡಿ, ನೊರೆಯ ಹದಕ್ಕೆ ಕಾಯಿರಿ, ಎಡಗೈಗೆ ಕೆಲಸ ಕೊಡಿ. ಬಲಗೈ ಒತ್ತಲು ಹೊರಟಿತೆಂದರೆ ಅಲ್ಲಿಗೇ ನಿಲ್ಲಿಸಿ, ಬ್ಲೇಡು ಬದಲಿಸಿ.